ಕೆಲಸದ ಹೊತ್ತಿನಲ್ಲಿ ಸ್ವಂತ ಕೆಲಸ: ಕಾರಣ ಹೇಳಬೇಕೇ, ಹೊತ್ತು ಹೇಳಿದರೆ ಸಾಕೇ?

ಹಗಲುಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ಕೆಲಸದಲ್ಲಿರುವ ಅವಧಿಯೂ, ನಾನು ಹೋಗಬೇಕಾದ ಕಚೇರಿಗಳು ತೆರೆದಿರುವ ಅವಧಿಯೂ ಒಂದೇ ಆಗಿದೆ. ಬ್ಯಾಂಕಿನಲ್ಲಿ ಖುದ್ದಾಗಿ ಸಹಿ ಮಾಡಬೇಕಾದ ಕಾಗದ, ಗುರುತಿನ ಚೀಟಿಯ ತಿದ್ದುಪಡಿ, ಹಲ್ಲಿನ ವೈದ್ಯರು ಕೊಟ್ಟ ಸಮಯ, ನಲ್ಲಿ ರಿಪೇರಿಗೆ ಬರುವವರಿಗೆ ಬಾಗಿಲು ತೆರೆಯುವುದು ಮುಂತಾದವುಗಳಲ್ಲಿ ಯಾವುದೂ ಅರ್ಧ ದಿನದ ರಜೆ ಹಾಕುವಷ್ಟು ದೊಡ್ಡದಲ್ಲ, ಊಟದ ವಿರಾಮದಲ್ಲಿ ಮುಗಿಯುವಷ್ಟು ಚಿಕ್ಕದೂ ಅಲ್ಲ. ನಮ್ಮ ವಿಭಾಗದಲ್ಲಿ ಇದಕ್ಕೆ ಬರೆದಿಟ್ಟ ನಿಯಮವಿಲ್ಲ. ಕೆಲವರು ಪ್ರತಿ ಸಲವೂ ಮ್ಯಾನೇಜರ್ ಮುಂದೆ ನಿಂತು ಕಾರಣವನ್ನೆಲ್ಲ ವಿವರಿಸಿ ಪರ್ಮಿಷನ್ ಕೇಳುತ್ತಾರೆ. ಇನ್ನು ಕೆಲವರು ಕುರ್ಚಿಯ ಮೇಲೆ ಬ್ಯಾಗು ಬಿಟ್ಟು, ಕಂಪ್ಯೂಟರ್ ತೆರೆದಿಟ್ಟು, ಯಾರಿಗೂ ಹೇಳದೆ ಹೋಗಿ ಬರುತ್ತಾರೆ. ಕಾರಣ ವಿವರಿಸುವುದು ನನಗೆ ಮುಜುಗರ, ಕದ್ದು ಹೋಗುವುದು ಇನ್ನೂ ಮುಜುಗರ. ಅನುಭವವುಳ್ಳವರು ಹೇಗೆ ನಿಭಾಯಿಸುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಕಡತದ ಕಟ್ಟು:

ತಾವು ಹೇಳಿದ ಎರಡೂ ದಾರಿಗಳಲ್ಲಿ ಒಂದೇ ದೋಷವಿದೆ ಎಂದು ನನಗೆ ಅನ್ನಿಸುತ್ತದೆ. ನಾವು ಎದ್ದು ಹೋದಾಗ ಆ ಜಾಗದಲ್ಲಿ ಏನು ನಿಲ್ಲುತ್ತದೆ, ಯಾರು ಕಾಯುತ್ತಾರೆ ಎಂಬ ಮಾತು ಎರಡರಲ್ಲಿಯೂ ಬರುವುದಿಲ್ಲ. ಹಲ್ಲುನೋವಿನ ಕಥೆಯನ್ನು ಹತ್ತು ನಿಮಿಷ ಹೇಳಿದವರು ಎಷ್ಟು ಹೊತ್ತಿಗೆ ಹಿಂತಿರುಗುತ್ತೇವೆಂದು ಹೇಳುವುದನ್ನೇ ಮರೆತಿರುತ್ತಾರೆ. ಬ್ಯಾಗು ಬಿಟ್ಟು ಹೋದವರಂತೂ ಏನನ್ನೂ ಹೇಳಿರುವುದಿಲ್ಲ. ಮೇಲಿನವರಿಗೂ ಸಹೋದ್ಯೋಗಿಗಳಿಗೂ ನಿಜವಾಗಿ ಬೇಕಾಗಿರುವುದು ಹೋಗುವ ಹೊತ್ತು, ಬರುವ ಹೊತ್ತು ಮತ್ತು ನಡುವೆ ಯಾರನ್ನು ಕೇಳಬೇಕು ಎಂಬ ಹೆಸರು, ಇಷ್ಟೇ. ಕಾರಣವನ್ನು ‘ಸ್ವಂತ ಕೆಲಸ’ ಎಂದು ಬರೆದು ಬಿಟ್ಟುಬಿಡಬಹುದು. ನಾನು ಕಳಿಸುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ:

‘ನಾಳೆ 11 ಗಂಟೆಯಿಂದ 12.30ರವರೆಗೆ ಸ್ವಂತ ಕೆಲಸಕ್ಕಾಗಿ ಹೊರಗಿರುತ್ತೇನೆ. ಮಾಸಿಕ ವರದಿಯ ಕರಡನ್ನು ಇಂದೇ ಹಂಚಿಕೆಯ ಫೋಲ್ಡರಿನಲ್ಲಿ ಹಾಕಿದ್ದೇನೆ. ಆ ವೇಳೆಯಲ್ಲಿ ಬಿಲ್ಲಿನ ಪ್ರಶ್ನೆಗಳು ಬಂದರೆ ಪಕ್ಕದ ವಿಭಾಗದವರು ನೋಡಿಕೊಳ್ಳಲು ಒಪ್ಪಿದ್ದಾರೆ. ತುರ್ತಾದರೆ ಕರೆ ಮಾಡಬಹುದು.’

ಇದರಲ್ಲಿ ‘ಒಪ್ಪಿದ್ದಾರೆ’ ಎಂಬ ಮಾತಿಗೆ ಬಹಳ ತೂಕವಿದೆ. ಪಕ್ಕದವರನ್ನು ಕೇಳದೆಯೇ ಅವರ ಹೆಸರನ್ನು ಬರೆದುಬಿಡುವವರನ್ನು ನೋಡಿದ್ದೇನೆ. ಅಂಥವರಿಗೆ ಎರಡನೆಯ ಸಲ ಯಾರೂ ಸಹಾಯಕ್ಕೆ ನಿಲ್ಲುವುದಿಲ್ಲ. ಸಂದೇಶವನ್ನು ಹಿಂದಿನ ದಿನವೇ ಕಳಿಸುವುದರಿಂದ ಇನ್ನೊಂದು ಲಾಭವೂ ಇದೆ: ಆ ವೇಳೆಗೆ ಮೀಟಿಂಗ್ ಇಟ್ಟಿದ್ದರೆ ಬದಲಾಯಿಸಲು ಅವರಿಗೂ ಅವಕಾಶ ಸಿಗುತ್ತದೆ. ಹೊರಡುವ ಐದು ನಿಮಿಷ ಮೊದಲು ತಿಳಿಸಿದರೆ ಅದು ಸುದ್ದಿಯಾಗುತ್ತದೆಯೇ ಹೊರತು ಕೋರಿಕೆಯಾಗುವುದಿಲ್ಲ.

ಮೂರನೇ ಪಾಳಿ:

ಮೇಲಿನ ಸಲಹೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಸರಿ. ನಾನು ಯಂತ್ರದ ಮುಂದೆ ನಿಲ್ಲುವವನು. ರಿಲೀವರ್ ಬರದೆ ಶೌಚಾಲಯಕ್ಕೂ ಹೋಗಲಾಗದ ಜಾಗದಲ್ಲಿ ‘11ರಿಂದ 12.30’ ಎಂಬ ಸಂದೇಶಕ್ಕೆ ಅರ್ಥವೇ ಇಲ್ಲ. ಆಸ್ಪತ್ರೆಯ ವಾರ್ಡಿನವರು, ತರಗತಿಯಲ್ಲಿರುವ ಶಿಕ್ಷಕರು, ಕೌಂಟರಿನಲ್ಲಿರುವವರು, ಬಸ್ಸು ಓಡಿಸುವವರು, ಎಲ್ಲರ ಸ್ಥಿತಿಯೂ ಇದೇ. ಹೊಂದಿಕೊಳ್ಳುವ ಸಮಯದ ಬಗ್ಗೆ ಎಲ್ಲೆಡೆ ಕಾಣುವ ಬರಹಗಳು ನಮ್ಮಂಥವರು ಇದ್ದೇವೆ ಎಂಬುದನ್ನೇ ಮರೆತಂತಿರುತ್ತವೆ.

ನಮಗಿರುವ ಸಾಧನ ಪಾಳಿ ಅದಲುಬದಲು ಒಂದೇ. ಅದನ್ನು ಬಾಯಿಮಾತಿನಲ್ಲಿ ಮಾಡಿಕೊಳ್ಳಬೇಡಿ ಎಂದು ಹೊಸದಾಗಿ ಸೇರಿದವರಿಗೆ ಹೇಳಬಯಸುತ್ತೇನೆ. ಇಬ್ಬರೂ ಸಹಿ ಹಾಕಿ ಪಾಳಿಯ ಉಸ್ತುವಾರಿಯವರಿಗೆ ಕೊಟ್ಟ ಚೀಟಿ ಇಲ್ಲದಿದ್ದರೆ, ಬದಲಿಗೆ ಬರಬೇಕಾದವರು ಬರದೆ ಹೋದ ದಿನ ಗೈರುಹಾಜರಿ ಬೀಳುವುದು ಪಟ್ಟಿಯಲ್ಲಿ ಹೆಸರಿರುವವರಿಗೆ. ಇನ್ನೊಂದು ಮಾತು. ರಾತ್ರಿ ಪಾಳಿ ಮುಗಿಸಿದವರಿಗೆ ಹಗಲೆಲ್ಲ ಬಿಡುವು ಎಂದು ಮನೆಯವರೂ ಭಾವಿಸುತ್ತಾರೆ. ಆ ಹಗಲು ನಮ್ಮ ರಾತ್ರಿ. ನಿದ್ದೆಗೆಟ್ಟು ಕಚೇರಿಯ ಸಾಲಿನಲ್ಲಿ ನಿಂತು, ಮರಳಿ ಅದೇ ಯಂತ್ರದ ಮುಂದೆ ನಿಲ್ಲುವುದು ಬೆರಳುಗಳಿಗೆ ಅಪಾಯ.

ಕಡತದ ಕಟ್ಟು:

ಮೂರನೇ ಪಾಳಿಯವರು ಹೇಳಿದ್ದು ಸರಿ, ನನ್ನ ಉತ್ತರ ಒಂದು ಬಗೆಯ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ನಿಂತ ಜಾಗವೇ ಕೆಲಸವಾಗಿರುವಲ್ಲಿ ಬದಲಿ ವ್ಯಕ್ತಿ ಬೇಕು, ಮುಗಿಸಿದ ಕೆಲಸವೇ ಲೆಕ್ಕಕ್ಕೆ ಬರುವಲ್ಲಿ ಬದಲಿ ಹೊತ್ತು ಸಾಕು. ಆದರೆ ಎರಡನೆಯ ಬಗೆಯ ಕೆಲಸವನ್ನೂ ಮೊದಲನೆಯದರಂತೆ ಕಾಯುವ ಕಚೇರಿಗಳು ಬೇಕಾದಷ್ಟಿವೆ.

ಮೇಲ್ವಿಚಾರಕಿ:

ನಾನು ಹಲವು ವರ್ಷಗಳಿಂದ ಒಂದು ತಂಡದ ಹೊಣೆ ಹೊತ್ತಿದ್ದೇನೆ. ಆದ್ದರಿಂದ ಮೇಜಿನ ಆ ಬದಿಯಿಂದ ಕೆಲವು ಮಾತುಗಳನ್ನು ಬರೆಯುತ್ತೇನೆ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು.

ಒಂದೂವರೆ ಗಂಟೆ ಹೊರಗೆ ಹೋಗಿ ಬಂದವರಿಂದ ನನಗೆ ತೊಂದರೆಯಾದದ್ದು ಕಡಿಮೆ. ತೊಂದರೆಯಾಗುವುದು, ಗ್ರಾಹಕರು ಕರೆ ಮಾಡಿ ‘ಅವರೆಲ್ಲಿ’ ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿಲ್ಲದಿದ್ದಾಗ. ಆ ಕ್ಷಣದಲ್ಲಿ ನಾನು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ನನ್ನ ತಂಡದ ಸ್ಥಿತಿ ನನಗೇ ತಿಳಿದಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಹಳೆಯ ಕಚೇರಿಗಳಲ್ಲಿ ಬಾಗಿಲ ಬಳಿ ಚಲನವಲನ ವಹಿಯೊಂದು ಇರುತ್ತಿತ್ತು. ಹೊರಗೆ ಹೋಗುವವರು ಹೆಸರು, ಹೋದ ಸಮಯ, ಬಂದ ಸಮಯ ಬರೆದು ಸಹಿ ಹಾಕುತ್ತಿದ್ದರು. ಅದನ್ನು ಕಾವಲಿನ ಸಂಕೇತವೆಂದು ಬಹಳ ಜನ ಹೀಗಳೆದರು. ಈಗ ನಾವೆಲ್ಲ ಕ್ಯಾಲೆಂಡರಿನಲ್ಲಿ ಬಣ್ಣದ ಚೌಕ ಹಾಕಿ ಮಾಡುತ್ತಿರುವುದು ಅದನ್ನೇ. ಚೌಕಕ್ಕೆ ‘ಖಾಸಗಿ’ ಎಂದು ಹೆಸರಿಟ್ಟರೆ ಸಾಕು. ಸುಳ್ಳು ಮೀಟಿಂಗಿನ ಹೆಸರಿಡಬೇಡಿ, ಏಕೆಂದರೆ ಆ ಮೀಟಿಂಗಿಗೆ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳುವವರು ಖಂಡಿತ ಒಬ್ಬರಿರುತ್ತಾರೆ.

ಮುಖ್ಯವಾಗಿ ಹೇಳಬೇಕೆಂದಿದ್ದುದು ಬೇರೆ. ಹೊರಗೆ ಹೋಗುವುದು ಯಾರ ಕಣ್ಣಿಗೆ ಹೇಗೆ ಬೀಳುತ್ತದೆ ಎಂಬುದರಲ್ಲಿ ದೊಡ್ಡ ಅನ್ಯಾಯವಿದೆ. ಶಾಲೆಯಿಂದ ಕರೆ ಬಂದು ಜ್ವರ ಬಂದ ಮಗುವನ್ನು ಕರೆತರಲು ಓಡುವವರು, ವಯಸ್ಸಾದ ತಂದೆಯವರನ್ನು ತಪಾಸಣೆಗೆ ಕರೆದುಕೊಂಡು ಹೋಗುವವರು ಪರ್ಮಿಷನ್ ಕೇಳಿ ಹೋಗುತ್ತಾರೆ, ಆದ್ದರಿಂದ ಅವರ ಗೈರುಹಾಜರಿ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಸಿಗರೇಟು ಸೇದಲು ದಿನಕ್ಕೆ ಹಲವು ಬಾರಿ ಕೆಳಗಿಳಿಯುವವರ, ಪಕ್ಕದ ಮೇಜಿನ ಬಳಿ ನಿಂತು ಗಂಟೆಗಟ್ಟಲೆ ಪಂದ್ಯದ ಚರ್ಚೆ ಮಾಡುವವರ ಹೊತ್ತು ಯಾವ ವಹಿಯಲ್ಲೂ ದಾಖಲಾಗುವುದಿಲ್ಲ. ವರ್ಷದ ಕೊನೆಯಲ್ಲಿ ಮೌಲ್ಯಮಾಪನಕ್ಕೆ ಕುಳಿತಾಗ ‘ಅವರು ಆಗಾಗ ಹೋಗುತ್ತಿರುತ್ತಾರೆ’ ಎಂಬ ಮಾತು ಮೊದಲಿನವರ ಬಗ್ಗೆಯೇ ಬರುತ್ತದೆ. ಮನೆಯ ಹೊಣೆ ಹೆಚ್ಚಾಗಿ ಮಹಿಳೆಯರ ಮೇಲಿರುವ ಕಡೆ ಈ ಮಾತು ಯಾರ ಬಡ್ತಿಯನ್ನು ತಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕುಟುಂಬದ ಹೊಣೆ ಹೊತ್ತ ಕಾರ್ಮಿಕರಿಗೆ ಉದ್ಯೋಗದಲ್ಲಿ ತಾರತಮ್ಯವಾಗಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಷ್ಟು ಹಿಂದೆಯೇ 156ನೇ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಒಡಂಬಡಿಕೆಯಿಂದ ಮೌಲ್ಯಮಾಪನದ ಕೋಣೆಯವರೆಗೆ ದಾರಿ ಬಹಳ ಉದ್ದವಿದೆ.

ಆದ್ದರಿಂದ ನನ್ನ ತಂಡದಲ್ಲಿ ನಾನೇ ಮೊದಲು ‘ಇಂದು 3 ಗಂಟೆಗೆ ವೈದ್ಯರ ಬಳಿ ಹೋಗುತ್ತಿದ್ದೇನೆ, 4.30ಕ್ಕೆ ಬರುತ್ತೇನೆ’ ಎಂದು ಎಲ್ಲರಿಗೂ ಕಾಣುವಂತೆ ಬರೆಯಲು ಆರಂಭಿಸಿದೆ. ಮೇಲಿನವರು ಬಾಗಿಲ ಸಂದಿಯಿಂದ ನುಸುಳಿ ಹೋಗುತ್ತಿದ್ದರೆ ಕೆಳಗಿನವರು ರಾಜಾರೋಷವಾಗಿ ಹೇಳಿ ಹೋಗುತ್ತಾರೆಂದು ನಿರೀಕ್ಷಿಸಲಾಗದು.

ಗಡಿಯಾರದ ಮುಳ್ಳು:

ಮೇಲ್ವಿಚಾರಕಿಯವರ ಮಾತಿಗೆ ಸ್ವಲ್ಪ ಚರಿತ್ರೆಯನ್ನು ಸೇರಿಸುತ್ತೇನೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲಿ, ಅಂದರೆ 1919ರಲ್ಲಿ, ಕೈಗಾರಿಕೆಗಳಿಗಾಗಿ ಬರೆಯಿತು. ಅದಕ್ಕೂ ನೂರು ವರ್ಷ ಹಿಂದೆ ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವನ್ ದಿನವನ್ನು ಎಂಟೆಂಟು ಗಂಟೆಗಳ ಮೂರು ಪಾಲು ಮಾಡಿ, ದುಡಿಮೆ, ಬಿಡುವು, ವಿಶ್ರಾಂತಿ ಎಂದು ಹಂಚಿದ್ದರು. ಈ ಹಂಚಿಕೆಯಲ್ಲಿ ಬ್ಯಾಂಕಿನ ಸಾಲಿಗೆ, ಸರ್ಕಾರಿ ಅರ್ಜಿಗೆ, ಮಗುವಿನ ಲಸಿಕೆಗೆ ಎಲ್ಲಿ ಜಾಗವಿದೆ ನೋಡಿ. ದುಡಿಯುವವರ ಮನೆಯಲ್ಲಿ ಇವನ್ನೆಲ್ಲ ಮಾಡಲು ಇನ್ನೊಬ್ಬರು ಇರುತ್ತಾರೆ ಎಂಬ ಊಹೆ ಅದರೊಳಗೆ ಅಡಗಿ ಕೂತಿದೆ. ಇಬ್ಬರೂ ದುಡಿಯುವ ಮನೆಗಳಲ್ಲಿಯೂ, ಒಬ್ಬರೇ ಇರುವ ಮನೆಗಳಲ್ಲಿಯೂ ಆ ಊಹೆ ಕುಸಿದುಬಿದ್ದಿದೆ, ಕಚೇರಿಗಳ ವೇಳಾಪಟ್ಟಿ ಮಾತ್ರ ಇದ್ದಲ್ಲೇ ಇದೆ.

ಹೊಂದಿಕೊಳ್ಳುವ ಸಮಯದ ಪದ್ಧತಿಯೂ ಇತ್ತೀಚಿನದೇನಲ್ಲ. 1967ರಲ್ಲಿ ಪಶ್ಚಿಮ ಜರ್ಮನಿಯ ಮ್ಯೂನಿಕ್ ಬಳಿಯ ವಿಮಾನ ತಯಾರಿಕಾ ಸಂಸ್ಥೆಯೊಂದು ಅದನ್ನು ಜಾರಿಗೆ ತಂದಿತು. ಎಲ್ಲರೂ ಒಂದೇ ಹೊತ್ತಿಗೆ ಬರುವುದರಿಂದ ರಸ್ತೆಯಲ್ಲೂ ಗೇಟಿನಲ್ಲೂ ಆಗುತ್ತಿದ್ದ ನೂಕುನುಗ್ಗಲಿಗೆ ಪರಿಹಾರ ಹುಡುಕುತ್ತಾ ಹೊರಟವರು ತಲುಪಿದ ಉಪಾಯವದು. ದಿನದ ನಡುವಿನ ಕೆಲವು ಗಂಟೆಗಳಲ್ಲಿ ಎಲ್ಲರೂ ಇರಲೇಬೇಕು, ಆಚೀಚಿನ ಗಂಟೆಗಳನ್ನು ತಮಗೆ ಬೇಕಾದಂತೆ ತುಂಬಿಕೊಡಬಹುದು. ಇಂದಿಗೂ ಹೆಚ್ಚಿನ ಕಡೆ ಇದೇ ಮಾದರಿ. ಸ್ವಂತ ಕೆಲಸದ ದೃಷ್ಟಿಯಿಂದ ಇದರ ಕೊರತೆ ಸ್ಪಷ್ಟವಾಗಿದೆ: ಎಲ್ಲರೂ ಇರಲೇಬೇಕಾದ ಆ ನಡುಹಗಲಿನಲ್ಲೇ ಹೊರಗಿನ ಕೌಂಟರುಗಳೂ ತೆರೆದಿರುತ್ತವೆ.

ಮನೆಯೇ ಕಚೇರಿ:

ಮನೆಯಿಂದ ಕೆಲಸ ಮಾಡುವವರಿಗೆ ಈ ಸಮಸ್ಯೆಯೇ ಇಲ್ಲವೆಂದು ಯಾರಾದರೂ ಬರೆಯುವ ಮೊದಲೇ ನಾನು ಬರೆಯುತ್ತೇನೆ. ನಮಗಿರುವ ಸಮಸ್ಯೆ ಇದರ ತದ್ವಿರುದ್ಧ. ‘ಹೇಗೂ ಮನೆಯಲ್ಲಿದ್ದೀಯಲ್ಲ’ ಎಂಬ ಒಂದು ಮಾತಿನಲ್ಲಿ ಮನೆಯವರ, ನೆರೆಯವರ, ಪಾರ್ಸೆಲ್ ತರುವವರ ಕೆಲಸಗಳೆಲ್ಲ ನನ್ನ ತಲೆಗೆ ಬೀಳುತ್ತವೆ. ರಿಪೇರಿಯವರು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಬರುತ್ತೇವೆ ಎನ್ನುತ್ತಾರೆ. ಆ ನಾಲ್ಕು ಗಂಟೆಯೂ ಕಿವಿ ಬಾಗಿಲ ಕಡೆಗಿರುತ್ತದೆ, ಪರದೆಯ ಮೇಲಿನ ಸಾಲನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತುವುದಿಲ್ಲ. ಅವರು ಕೆಲಸ ಮಾಡಿದ್ದು ಹದಿನೈದು ನಿಮಿಷ, ನಾನು ಕಳೆದುಕೊಂಡದ್ದು ಅರ್ಧ ದಿನ.

ಇದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ, ಅಂಥ ದಿನ ಆಳವಾದ ಕೆಲಸವನ್ನು ಮುಟ್ಟದೆ, ಬಿಲ್ಲುಗಳನ್ನು ತಾಳೆ ನೋಡುವುದು, ಹಳೆಯ ಮೇಲ್‌ಗಳಿಗೆ ಉತ್ತರಿಸುವುದು, ಫೈಲುಗಳನ್ನು ಸರಿಯಾದ ಜಾಗಕ್ಕೆ ಸೇರಿಸುವುದು ಮುಂತಾದ, ನಡುವೆ ಎದ್ದು ಹೋದರೂ ಕೆಡದ ಕೆಲಸಗಳನ್ನು ಇಟ್ಟುಕೊಳ್ಳುವುದು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದಂಶ ಹಿಂದಿನ ಕೆಲಸದಲ್ಲೇ ಉಳಿದು, ಮುಂದಿನ ಕೆಲಸ ಸೊರಗುತ್ತದೆ ಎಂದು ತೋರಿಸಿದ್ದರು. ಎದ್ದು ಹೋಗುವ ಮುನ್ನ, ಎಲ್ಲಿ ನಿಲ್ಲಿಸಿದೆ, ಮುಂದೆ ಏನು ಮಾಡಬೇಕು ಎಂದು ಎರಡು ಸಾಲು ಬರೆದಿಟ್ಟರೆ ಮರಳಿ ಕೂತಾಗ ಆ ಎಳೆ ಬೇಗ ಸಿಗುತ್ತದೆ.

ಹಗಲುಪಾಳಿ:

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಕುರ್ಚಿಯಲ್ಲಿ ಕೂತೇ ಮಾಡುವ ಸ್ವಂತ ಕೆಲಸಗಳ ಮಾತೇನು? ಗ್ರಾಹಕ ಸೇವೆಗೆ ಕರೆ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಸುತ್ತಿಸಿ, ಕೊನೆಗೆ ಸಂಗೀತ ಹಾಕಿ ಕೂರಿಸುತ್ತಾರೆ. ಕಿವಿಯಲ್ಲಿ ಆ ಸಂಗೀತವಿಟ್ಟುಕೊಂಡೇ ಮೀಟಿಂಗಿನಲ್ಲಿ ಕೂತವರನ್ನು ಕಂಡಿದ್ದೇನೆ.

ಗಡಿಯಾರದ ಮುಳ್ಳು:

ಅಂಥವರು ಎರಡೂ ಕಡೆ ಇರುವುದಿಲ್ಲ. ಸಂಗೀತ ನಿಂತು ಅತ್ತಲಿನವರು ಖಾತೆ ಸಂಖ್ಯೆ ಕೇಳುವುದೂ ಇತ್ತ ಮೀಟಿಂಗಿನಲ್ಲಿ ಹೆಸರು ಕೂಗುವುದೂ ಒಂದೇ ಗಳಿಗೆಯಲ್ಲಿ ಆಗುವುದು ಏಕೋ ತಪ್ಪುವುದಿಲ್ಲ.

ಸಣ್ಣ ಕರೆಗಳನ್ನು ಒಟ್ಟುಗೂಡಿಸಿ ವಾರಕ್ಕೊಂದು ಹೊತ್ತಿನಲ್ಲಿ ಮಾಡುವುದು ಒಳ್ಳೆಯದು. ಹೊತ್ತನ್ನು ಆರಿಸುವಾಗ ಊಟದ ವಿರಾಮವನ್ನು ಬಿಟ್ಟುಬಿಡಿ. ಎಲ್ಲ ಉದ್ಯೋಗಿಗಳೂ ಆ ಗಂಟೆಯಲ್ಲೇ ಕರೆ ಮಾಡುತ್ತಾರೆ, ಆ ಗಂಟೆಯಲ್ಲೇ ಸಾಲಿನಲ್ಲಿ ನಿಲ್ಲುತ್ತಾರೆ, ಒಳಗಿನ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನ ಊಟಕ್ಕೆ ಎದ್ದಿರುವುದೂ ಅದೇ ಗಂಟೆಯಲ್ಲಿ. ಸಾಲುಗಳ ಗಣಿತದಲ್ಲಿ ಇದು ಹಳೆಯ ವಿಷಯ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ದೂರವಾಣಿ ಕರೆಗಳ ಬಗ್ಗೆ 1909ರಲ್ಲಿ ಬರೆದ ಪ್ರಬಂಧದಿಂದ ಆರಂಭವಾದ ಆ ಶಾಸ್ತ್ರದ ಪ್ರಕಾರ, ಸೇವೆ ಕೊಡುವವರು ತಮ್ಮ ಸಾಮರ್ಥ್ಯದ ಅಂಚಿಗೆ ಬಂದಾಗ ಕಾಯುವ ಹೊತ್ತು ಒಂದೇ ಸಮನೆ ಹೆಚ್ಚುವ ಬದಲು ಇದ್ದಕ್ಕಿದ್ದಂತೆ ಏರಿಬಿಡುತ್ತದೆ. ಬಾಗಿಲು ತೆರೆದ ಮೊದಲ ಹೊತ್ತಿನಲ್ಲಿ ಹೋಗಿ, ಕಚೇರಿಗೆ ತಡವಾಗಿ ಬರಲು ಅನುಮತಿ ಪಡೆಯುವುದು, ನಡುಹಗಲಿನಲ್ಲಿ ಎದ್ದು ಹೋಗುವುದಕ್ಕಿಂತ ಎಲ್ಲ ರೀತಿಯಿಂದಲೂ ಅಗ್ಗ.

ಕಾಯಿದೆ ಪುಟ:

ಯಾರೂ ಎತ್ತದ ಒಂದು ವಿಷಯವಿದೆ. ಕೆಲಸದ ಅವಧಿಯಲ್ಲಿ ಸ್ವಂತ ಕೆಲಸಕ್ಕೆ ಹೊರಗೆ ಹೋದಾಗ ಅಪಘಾತವಾದರೆ ಅಥವಾ ನಮ್ಮಿಂದ ಇತರರಿಗೆ ಹಾನಿಯಾದರೆ ಹೊಣೆ ಯಾರದು? ಇಂಗ್ಲೆಂಡಿನ ನ್ಯಾಯಾಲಯದಲ್ಲಿ 1834ರಲ್ಲಿ ಬಂದ ಜೋಯೆಲ್ ವಿರುದ್ಧ ಮಾರಿಸನ್ ಪ್ರಕರಣದಲ್ಲಿ ನ್ಯಾಯಾಧೀಶ ಪಾರ್ಕ್ ಒಂದು ಗೆರೆ ಎಳೆದರು. ಮಾಲೀಕರ ಕೆಲಸಕ್ಕೆ ಹೊರಟ ಗಾಡಿಯವನು ದಾರಿಯನ್ನು ಸ್ವಲ್ಪ ಸುತ್ತಿ ಹೋಗಿದ್ದರೆ ಮಾಲೀಕರು ಹೊಣೆ, ಆ ಕೆಲಸವನ್ನೇ ಬಿಟ್ಟು ಪೂರ್ತಿ ತನ್ನ ಇಚ್ಛೆಗೆ ಹೋಗಿದ್ದರೆ ಹೊಣೆಯಲ್ಲ. ಆ ಗೆರೆಯ ನೆರಳು ಇಂದಿಗೂ ಬಹಳ ದೇಶಗಳ ಕಾನೂನಿನಲ್ಲಿದೆ. ಕಚೇರಿಯ ವಾಹನದಲ್ಲಿ ಸ್ವಂತ ಕೆಲಸಕ್ಕೆ ಹೋಗುವವರು ಇದನ್ನು ಗಮನದಲ್ಲಿಡಬೇಕು. ಹೋದ ಹೊತ್ತನ್ನು ದಾಖಲಿಸದೆ ಹೋದವರು ಹಾಜರಿಯ ಪ್ರಕಾರ ಒಳಗಿರುತ್ತಾರೆ, ವಾಸ್ತವದಲ್ಲಿ ರಸ್ತೆಯ ಮೇಲಿರುತ್ತಾರೆ. ವಿಮೆಯವರು ಕೇಳುವ ಮೊದಲ ಪ್ರಶ್ನೆಗೇ ಇಲ್ಲಿ ಎರಡು ಉತ್ತರ ಹುಟ್ಟುತ್ತದೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಳಗಿನವರನ್ನು ಎಣಿಸುವವರ ಪಾಡನ್ನೂ ಯೋಚಿಸಿ.

ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ, ಅಮೆರಿಕದ ಒಕ್ಕೂಟದ ನಿಯಮದ ಪ್ರಕಾರ 5ರಿಂದ 20 ನಿಮಿಷದ ಚಿಕ್ಕ ವಿರಾಮ ಕೆಲಸದ ಸಮಯವೆಂದೇ ಲೆಕ್ಕ, ಪೂರ್ತಿ ಬಿಡುವಾಗಿ ಸಿಗುವ 30 ನಿಮಿಷ ಅಥವಾ ಹೆಚ್ಚಿನ ಊಟದ ವಿರಾಮ ಹಾಗಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹೊಂದಿಕೊಳ್ಳುವ ವೇಳೆಗಾಗಿ ಅರ್ಜಿ ಹಾಕಬಹುದು. ಆದರೆ ಆ ಹಕ್ಕು ಕೇಳುವುದಕ್ಕೆ ಮಾತ್ರ. ಕಾನೂನು ಒಪ್ಪುವ ಕಾರಣಗಳಿದ್ದರೆ ಮಾಲೀಕರು ನಿರಾಕರಿಸಬಹುದು. ತಮ್ಮ ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂಬುದನ್ನು ಒಮ್ಮೆ ತೆಗೆದು ಓದಿ. ಸೇರಿದ ದಿನ ಸಹಿ ಹಾಕಿ ಒಳಗಿಟ್ಟ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರುವುದಿಲ್ಲ.

ಮೂರನೇ ಪಾಳಿ:

ಕಾಯಿದೆ ಪುಟದವರೇ, ಬೆಂಕಿಯ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲಿ ಅಣಕು ಕಾರ್ಯಾಚರಣೆ ನಡೆದಾಗ, ಹೇಳದೆ ಹೊರಗೆ ಹೋಗಿದ್ದ ಒಬ್ಬರನ್ನು ಹುಡುಕಲು ಇಬ್ಬರು ಮತ್ತೆ ಒಳಗೆ ಹೋದರು. ನಿಜವಾದ ಬೆಂಕಿಯಾಗಿದ್ದರೆ ಅಪಾಯಕ್ಕೆ ಸಿಲುಕುತ್ತಿದ್ದವರು ಆ ಇಬ್ಬರು.

ಸಾಲಿನ ಕೊನೆ:

ಎಲ್ಲರೂ ಹೇಳಿ ಹೋಗಿ ಎನ್ನುತ್ತಿದ್ದೀರಿ. ಹೇಳಿದ್ದಕ್ಕೆ ಪ್ರತಿ ಸಲವೂ ‘ಏಕೆ, ಏನು, ಬೇರೆಯವರಿಗೆ ಆಗುವುದಿಲ್ಲವೇ’ ಎಂದು ವಿಚಾರಣೆ ನಡೆಸುವ ಮೇಲಧಿಕಾರಿ ಇದ್ದರೆ ಏನು ಮಾಡಬೇಕು? ನಮ್ಮಲ್ಲಿ ಒಬ್ಬರು ವೈದ್ಯರ ಚೀಟಿಯನ್ನೇ ತೋರಿಸಬೇಕಾಯಿತು. ಅಲ್ಲಿಂದ ಮುಂದೆ ಎಲ್ಲರೂ ಬ್ಯಾಗು ಬಿಟ್ಟು ಹೋಗುವವರೇ ಆದರು.

ಮೇಲ್ವಿಚಾರಕಿ:

ತಾವೇ ಉತ್ತರವನ್ನೂ ಬರೆದಿದ್ದೀರಿ. ವಿಚಾರಣೆ ಹೆಚ್ಚಿದಷ್ಟೂ ಮಾಹಿತಿ ಕಡಿಮೆಯಾಗುತ್ತದೆ, ಅಂಥ ಅಧಿಕಾರಿಗೆ ಕೊನೆಗೆ ತನ್ನ ತಂಡದಲ್ಲಿ ಯಾರು ಎಲ್ಲಿದ್ದಾರೆಂಬುದು ತಿಳಿಯದ ಸ್ಥಿತಿ ಬರುತ್ತದೆ. ಆದರೂ ನೊಂದವರಿಗೆ ಇದು ಸಮಾಧಾನವಲ್ಲ ಎಂದು ಬಲ್ಲೆ. ಒಂಟಿಯಾಗಿ ವಾದಿಸುವ ಬದಲು ತಂಡದವರೆಲ್ಲ ಸೇರಿ, ತಿಂಗಳಿಗೆ ಇಂತಿಷ್ಟು ಗಂಟೆಯವರೆಗೆ ಕಾರಣ ಕೇಳದೆ ಬಿಡುವು ಕೊಡಬೇಕು, ಆ ಗಂಟೆಗಳನ್ನು ಅದೇ ತಿಂಗಳಲ್ಲಿ ತುಂಬಿಕೊಡುತ್ತೇವೆ ಎಂದು ಬರಹದಲ್ಲಿ ಕೇಳಿ. ಸಂಖ್ಯೆಯ ಮಿತಿ ಇದ್ದರೆ ಸಂಶಯ ಸ್ವಭಾವದವರೂ ಒಪ್ಪಲು ಸುಲಭ. ವೈದ್ಯಕೀಯ ವಿವರಗಳನ್ನು ಕೇಳಿದರೆ ‘ಅಗತ್ಯವಿದ್ದರೆ ಸಿಬ್ಬಂದಿ ವಿಭಾಗಕ್ಕೆ ಕೊಡುತ್ತೇನೆ’ ಎಂದು ನಯವಾಗಿ ಹೇಳಬಹುದು. ತುಂಬಿಕೊಡುವ ಮಾತನ್ನು ಮಾತ್ರ ತಪ್ಪಬೇಡಿ. ಒಬ್ಬರು ತಪ್ಪಿದರೂ ಒಪ್ಪಂದ ಮುರಿಯುವುದು ಎಲ್ಲರಿಗೂ.

ಹಗಲುಪಾಳಿ:

ನಾಳೆ ನಾನು ಕಳಿಸಬೇಕೆಂದಿರುವ ಸಂದೇಶ ಇದು, ದಯವಿಟ್ಟು ನೋಡಿ ಹೇಳಿ: ‘ಗುರುವಾರ ಬೆಳಿಗ್ಗೆ ಸ್ವಂತ ಕೆಲಸವಿರುವುದರಿಂದ ಸ್ವಲ್ಪ ತಡವಾಗಿ ಬರುತ್ತೇನೆ. ಆದಷ್ಟು ಬೇಗ ಬರಲು ಪ್ರಯತ್ನಿಸುತ್ತೇನೆ. ತೊಂದರೆಗಾಗಿ ಕ್ಷಮೆಯಿರಲಿ.’

ಕಡತದ ಕಟ್ಟು:

‘ಸ್ವಲ್ಪ ತಡವಾಗಿ’ ಎಂಬುದನ್ನು ತೆಗೆದು ‘11.30ಕ್ಕೆ’ ಎಂದು ಬರೆಯಿರಿ. 11ಕ್ಕೇ ಮುಗಿಯುವುದೆಂದು ಕಂಡರೂ 11.30 ಎಂದೇ ಇರಲಿ. ‘ಆದಷ್ಟು ಬೇಗ’ ಇರುವ ವಾಕ್ಯ ಬೇಡ. ಕ್ಷಮೆಯ ವಾಕ್ಯವೂ ಬೇಡ, ಅದರ ಜಾಗದಲ್ಲಿ ಆ ಹೊತ್ತಿನಲ್ಲಿ ಯಾರನ್ನು ಕೇಳಬೇಕು ಎಂಬ ಹೆಸರು ಬರಲಿ, ಕಳಿಸುವ ಮೊದಲು ಅವರನ್ನು ಕೇಳಿಕೊಳ್ಳಿ.